ಬೀದಿಯ ಪಾರ್ಕಿಗೆ ಸಿಟಿ ಮ್ಯಾಚಿಂಗ್ ಗ್ರಾಂಟ್: ನಮ್ಮ ಪಾಲಿನ ಲೆಕ್ಕ ನಿಲ್ಲುತ್ತದೆಯೇ?

ಮೂಲೆಮನೆ:
ಅಮೆರಿಕದಲ್ಲಿ ಇಂಥ ಗ್ರಾಂಟ್ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. ಸಿಟಿಗೇ ಸೇರಿದ ಖಾಲಿ ಜಾಗದಲ್ಲಿ 60 ಅಡಿ ಉದ್ದ, 5 ಅಡಿ ಅಗಲದ ಕಾಂಕ್ರೀಟ್ ಕಾಲುದಾರಿ, ಎರಡು ಬೆಂಚು, ಆರು ಮರದ ಸಸಿ. ಬೀದಿಯ ಸಂಘದಿಂದ ಅರ್ಜಿ. ಸಿಟಿಯಿಂದ 12,000 ಡಾಲರ್ ಕೇಳುತ್ತಿದ್ದೇವೆ, ಅಷ್ಟೇ ಮೊತ್ತ ನಾವು ತೋರಿಸಬೇಕು. ವಾಲಂಟಿಯರ್ ಕೆಲಸಕ್ಕೆ ಸಿಟಿ ಗಂಟೆಗೆ 30 ಡಾಲರ್ ಹಿಡಿಯುತ್ತದೆ. ನಮ್ಮ ಪಾಲು ಹೀಗಿದೆ:

ಮನೆಮನೆಯ ವಂತಿಗೆ: 2,500
ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಉಚಿತವಾಗಿ ನಕ್ಷೆ ಮಾಡಿಕೊಡುವುದು, 20 ಗಂಟೆ, ಗಂಟೆಗೆ 100ರಂತೆ: 2,000
ನರ್ಸರಿಯ ರಿಯಾಯಿತಿ: 600
ವಾಲಂಟಿಯರ್ 300 ಗಂಟೆ (ಇದರಲ್ಲಿ 80 ಗಂಟೆ ಕಳೆದ ವರ್ಷ ಅದೇ ಜಾಗ ಸ್ವಚ್ಛ ಮಾಡಿದ್ದು): 9,000

ಒಟ್ಟು 14,100. ಬೇಕಾದದ್ದಕ್ಕಿಂತ 2,100 ಹೆಚ್ಚೇ ಇದೆ. ಇದರಲ್ಲಿ ಯಾವುದಕ್ಕಾದರೂ ಕತ್ತರಿ ಬೀಳುತ್ತದೆಯೇ?

ಲೆಕ್ಕದಪುಟ:
ಬೀಳುತ್ತದೆ. ಮೊದಲು ಆ 80 ಗಂಟೆ ಮರೆತುಬಿಡಿ. ಒಪ್ಪಂದಕ್ಕೆ ಸಹಿ ಬೀಳುವ ಮುಂಚೆ ಮಾಡಿದ ಕೆಲಸವನ್ನು ಬಹುತೇಕ ಸಿಟಿಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2,400 ಹೋಯಿತು, ಉಳಿದದ್ದು 11,700. ಅಂದರೆ ನಿಮಗೆ 300 ಡಾಲರ್ ಹೆಚ್ಚಿಲ್ಲ, ಕಡಿಮೆ ಬಿದ್ದಿದೆ. ಹತ್ತು ಗಂಟೆಯ ಕೆಲಸ ಅಷ್ಟೇ, ಗಾಬರಿ ಬೇಡ. ಆದರೆ ಕಾಗದದ ಮೇಲೆ 230 ಗಂಟೆ ಬೇಕಿದ್ದರೆ ಕನಿಷ್ಠ 290 ಗಂಟೆಗಾದರೂ ಹೆಸರು ಬರೆಸಿಕೊಳ್ಳಿ. ಬರುತ್ತೇನೆ ಅಂದವರಲ್ಲಿ ಮಳೆ ಬಂದರೆ ಅರ್ಧ ಜನ ಬರುವುದಿಲ್ಲ. ಒಂದು ಡಾಲರಿಗೆ ಒಂದು ಡಾಲರ್ ಅನ್ನುವ ಕಡೆ ನಿಮ್ಮ ಪಾಲು ಕುಗ್ಗಿದಷ್ಟೂ ಸಿಟಿ ತನ್ನ ಪಾಲನ್ನು ಕಡಿಯಬಹುದು, ಅದೂ ಕೆಲಸ ಮುಗಿದ ಮೇಲೆ.

ಆರ್ಕಿಟೆಕ್ಟ್ 100 ಡಾಲರ್ ದರ ನಿಲ್ಲುವುದು ನಕ್ಷೆ ಮಾಡಿದ ಗಂಟೆಗಳಿಗೆ ಮಾತ್ರ. ಅವರೇ ಶನಿವಾರ ಬಂದು ಗುಂಡಿ ತೋಡಿದರೆ ಅದು 30ರ ಗಂಟೆ. ಅವರಿಂದ ಒಂದು ಪತ್ರ ತೆಗೆದುಕೊಳ್ಳಿ: ಎಷ್ಟು ಗಂಟೆ, ಅವರ ಮಾಮೂಲಿ ದರ ಎಷ್ಟು, ಹಣ ತೆಗೆದುಕೊಳ್ಳುತ್ತಿಲ್ಲ ಎಂಬ ಮಾತು, ಸಹಿ, ತಾರೀಖು. ನರ್ಸರಿಯ ಇನ್‌ವಾಯ್ಸಿನಲ್ಲಿ ಪೂರ್ತಿ ಬೆಲೆ ಒಂದು ಸಾಲು, ರಿಯಾಯಿತಿ ಇನ್ನೊಂದು ಸಾಲು ಇರಬೇಕು. ಇಳಿಸಿದ ಬೆಲೆ ಮಾತ್ರ ಬರೆದುಕೊಟ್ಟರೆ ಆ 600 ಯಾರ ಕಣ್ಣಿಗೂ ಕಾಣುವುದಿಲ್ಲ. ಎಲ್ಲ ಗಿರಾಕಿಗಳಿಗೂ ಕೊಡುವ ಸೀಸನ್ ಸೇಲ್ ರಿಯಾಯಿತಿಯಾದರೆ ಅದನ್ನು ದಾನ ಅಂತ ಒಪ್ಪುವುದೂ ಕಷ್ಟ.

ಇನ್ನು ಹಾಜರಿ ಹಾಳೆ. ಹೆಸರು, ಸಹಿ, ಬಂದ ಹೊತ್ತು, ಹೋದ ಹೊತ್ತು, ಏನು ಕೆಲಸ, ಒಟ್ಟು ಗಂಟೆ. ಒಬ್ಬರೇ ಕೂತು ಒಂದೇ ಪೆನ್ನಿನಲ್ಲಿ ಮೂವತ್ತು ಹೆಸರು ಬರೆದು ಎಲ್ಲರಿಗೂ “4 ಗಂಟೆ” ಅಂತ ಹಾಕಿದ ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತದೆ. ತಡವಾಗಿ ಬಂದವರಿಗೆ 2.5 ಅಂತಲೇ ಇರಲಿ. ಹಾಳೆ ಹಿಡಿದು ಗೇಟಿನ ಹತ್ತಿರ ನಿಲ್ಲುವುದಕ್ಕೇ ಒಬ್ಬರನ್ನು ನೇಮಿಸಿ, ಅವರ ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಸಿಟಿ ನೌಕರರು ಸಂಬಳದ ಹೊತ್ತಿನಲ್ಲಿ ಬಂದು ನಿಂತರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಗ್ರಾಂಟಿಗೆ ಒಮ್ಮೆ ತೋರಿಸಿದ ಗಂಟೆಯನ್ನು ಇಲ್ಲಿ ಮತ್ತೆ ತೋರಿಸುವ ಹಾಗೂ ಇಲ್ಲ.

ಗಾರೆಕೆಲಸ:
ನಿಮ್ಮ ಪಟ್ಟಿಯಲ್ಲಿ ಮಣ್ಣು ಎಲ್ಲಿದೆ? 4 ಇಂಚು ಕಾಂಕ್ರೀಟ್, ಅದರ ಕೆಳಗೆ 4 ಇಂಚು ಜಲ್ಲಿ ಅಂದರೆ 8 ಇಂಚು ಅಗೆಯಬೇಕು. ಫಾರ್ಮ್ ಹಲಗೆ (ಹಸಿ ಕಾಂಕ್ರೀಟನ್ನು ಅಂಚಿನಲ್ಲಿ ಹಿಡಿದಿಡುವ ಹಲಗೆ) ಕೂರಿಸಲು ಅಗಲ 6 ಅಡಿ ಹಿಡಿಯಿರಿ. 240 ಘನ ಅಡಿ, ಸುಮಾರು 9 ಕ್ಯೂಬಿಕ್ ಯಾರ್ಡ್. ಅಗೆದ ಮಣ್ಣು ಉಬ್ಬುತ್ತದೆ, ಕಾಲುಭಾಗ ಸೇರಿಸಿ, 11 ಯಾರ್ಡ್ ಆಯಿತು. ಅದನ್ನು ಎತ್ತಿ ಸಾಗಿಸಿ ಸುರಿಯುವ ಖರ್ಚನ್ನು ಬಜೆಟ್ಟಿನಲ್ಲಿ ಬರೆಯುವವರೇ ಇಲ್ಲ. ಆಮೇಲೆ ರಸ್ತೆ ಪಕ್ಕ ಗುಡ್ಡ ಬೀಳುತ್ತದೆ, ದೂರು ಹೋಗುತ್ತದೆ.

ಕಾಂಕ್ರೀಟು 100 ಘನ ಅಡಿ, 3.7 ಯಾರ್ಡ್. ಹತ್ತು ಪರ್ಸೆಂಟ್ ಸೇರಿಸಿ 4.25 ಆರ್ಡರ್ ಮಾಡಿ. ಇಷ್ಟು ಚಿಕ್ಕ ಲೋಡಿಗೆ ರೆಡಿಮಿಕ್ಸ್‌ನವರು ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ ಹಾಕುತ್ತಾರೆ, ಕೋಟೇಶನ್‌ನಲ್ಲೇ ಕೇಳಿ. ಜಲ್ಲಿ ದಮ್ಮಸು ಹಾಕಿದರೆ ಕುಸಿಯುತ್ತದೆ, 4.5 ಯಾರ್ಡ್ ಬೇಕು. 5 ಅಡಿಗೊಂದು ಜಾಯಿಂಟ್ (ಅಡ್ಡ ಗೀರು), 1 ಇಂಚು ಆಳ. ಇಲ್ಲದಿದ್ದರೆ ಬಿರುಕು ತನಗೆ ಬೇಕಾದ ಕಡೆ ಬಿಡುತ್ತದೆ.

ಸುರಿಯುವ ಕೆಲಸಕ್ಕೆ ಮಾತ್ರ ವಾಲಂಟಿಯರ್‌ಗಳನ್ನು ಹಾಕಬೇಡಿ. ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲ. ಅಗೆಯುವುದು, ಜಲ್ಲಿ ಹರಡುವುದು, ಗಿಡ ನೆಡುವುದು ಅವರಿಗೆ ಬಿಡಿ. ಕಾಂಟ್ರ್ಯಾಕ್ಟರ್ ಹತ್ತಿರ ಕೇಳುವಾಗ “ಸಿಟಿ ದುಡ್ಡು, ಸಿಟಿ ಜಾಗ” ಅಂತ ಮೊದಲೇ ಹೇಳಿ. ಎಷ್ಟೋ ರಾಜ್ಯಗಳಲ್ಲಿ ಇಂಥ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ಕೂಲಿ ದರವನ್ನೇ ಕೊಡಬೇಕು. ಅದು ಗೊತ್ತಿಲ್ಲದೆ ಕೊಟ್ಟ ಕೋಟೇಶನ್ ಆಮೇಲೆ ಏರುತ್ತದೆ, ಗ್ರಾಂಟ್ ಮೊತ್ತ ಏರುವುದಿಲ್ಲ.

ದಾರಿ ಗಾಲಿಕುರ್ಚಿಗೂ ಆಗಬೇಕು: ಇಳಿಜಾರು 20ಕ್ಕೆ 1 ಮೀರಬಾರದು, ಅಂದರೆ ನಿಮ್ಮ 60 ಅಡಿಯಲ್ಲಿ ಹೆಚ್ಚೆಂದರೆ 3 ಅಡಿ ಏರು. ಅಡ್ಡ ಇಳಿಜಾರು 48ಕ್ಕೆ 1, ಐದು ಅಡಿ ಅಗಲಕ್ಕೆ ಒಂದೂಕಾಲು ಇಂಚು. ಇಲ್ಲಿ ಎಡವುವವರೇ ಜಾಸ್ತಿ. ನೀರು ಹರಿಯಲಿ ಅಂತ ಎರಡು ಇಂಚು ಓರೆ ಮಾಡಿದರೆ ಇನ್‌ಸ್ಪೆಕ್ಟರ್ ಒಡೆಸುತ್ತಾರೆ. ಬೆಂಚಿನ ಒಂದು ಪಕ್ಕದಲ್ಲಿ 30×48 ಇಂಚು ಗಟ್ಟಿ, ಸಮತಟ್ಟು ಜಾಗ ಬಿಡಿ. ಅದಕ್ಕೂ ಕಾಂಕ್ರೀಟ್ ಬೇಕು, ಮೇಲಿನ ಲೆಕ್ಕದಲ್ಲಿ ಅದು ಸೇರಿಲ್ಲ.

ಅಗೆಯುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ, ನೆಲದಡಿಯ ಲೈನ್‌ಗಳು ಎಲ್ಲಿವೆ ಅಂತ ಬಣ್ಣದಲ್ಲಿ ಗುರುತು ಹಾಕಿಸುವ ನಂಬರ್ ಅದು. ಗುರುತು ಹಾಕುವುದು ಉಚಿತ: ಹಳದಿ ಗ್ಯಾಸು, ಕೆಂಪು ಕರೆಂಟು, ನೀಲಿ ಕುಡಿಯುವ ನೀರು. ಆದರೆ ಅವರು ಗುರುತಿಸುವುದು ಕಂಪನಿಗಳ ಲೈನ್ ಮಾತ್ರ. ಪಾರ್ಕಿನ ಹಳೆಯ ಸ್ಪ್ರಿಂಕ್ಲರ್ ಪೈಪು, ದೀಪದ ಕೇಬಲ್ಲು ಅದರಲ್ಲಿ ಬರುವುದಿಲ್ಲ. ಆ ನಕ್ಷೆಯನ್ನು ಸಿಟಿಯ ಪಾರ್ಕ್ ವಿಭಾಗದಿಂದ ಬೇರೆಯಾಗಿ ಕೇಳಿ ತೆಗೆದುಕೊಳ್ಳಿ.

ಮೂಲೆಮನೆ:
ತುಂಬಾ ಉಪಕಾರ ಆಯಿತು. ಮಣ್ಣಿನ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಇನ್ನೆರಡು ಅನುಮಾನ. ಸಂಘ ಎಲ್ಲೂ ನೋಂದಣಿ ಆಗಿಲ್ಲ, ಪರವಾಗಿಲ್ಲವೇ? ಸಿಟಿ ಹಣ ಯಾವಾಗ ಕೈಗೆ ಬರುತ್ತದೆ? ಕಾಂಟ್ರ್ಯಾಕ್ಟರ್ ಅಡ್ವಾನ್ಸ್ ಕೇಳುತ್ತಿದ್ದಾರೆ.

ಲೆಕ್ಕದಪುಟ:
ನೋಂದಣಿ ಇಲ್ಲದ ಗುಂಪಿಗೂ ಹಲವು ಸಿಟಿಗಳು ಕೊಡುತ್ತವೆ, ಆದರೆ ನಡುವೆ ಒಂದು 501(ಸಿ)(3) ಸಂಸ್ಥೆ (ತೆರಿಗೆ ವಿನಾಯಿತಿ ಇರುವ ಲಾಭರಹಿತ ಸಂಸ್ಥೆ) ಹಣಕಾಸಿನ ಹೊಣೆ ಹೊರಬೇಕು. ಅವರು 5ರಿಂದ 10 ಪರ್ಸೆಂಟ್ ಹಿಡಿದುಕೊಳ್ಳುವುದುಂಟು. 12,000ಕ್ಕೆ 600ರಿಂದ 1,200, ಅದನ್ನೂ ಬಜೆಟ್ಟಿನಲ್ಲಿ ತೋರಿಸಿ. ಹೊಣೆಗಾರಿಕೆ ಇನ್ಶೂರೆನ್ಸ್ ಅವರದೇ ಬಳಸಲು ಆಗುತ್ತದೆಯೇ ಅಂತ ಅದೇ ಉಸಿರಿನಲ್ಲಿ ಕೇಳಿಬಿಡಿ. ಸಾಮಾನ್ಯವಾಗಿ ಒಂದು ಘಟನೆಗೆ 10 ಲಕ್ಷ ಡಾಲರ್ ಮಟ್ಟದ ಪಾಲಿಸಿ ಕೇಳುತ್ತಾರೆ, ಸಿಟಿಯ ಹೆಸರೂ ಅದರಲ್ಲಿ ಸೇರಿರಬೇಕು.

ಹಣ ಸಾಮಾನ್ಯವಾಗಿ ನೀವು ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಬರುತ್ತದೆ. ನಿಮ್ಮ ಹತ್ತಿರ ನಗದು ಇರುವುದು 2,500 ಮಾತ್ರ, ಹಾಗಾಗಿ 12,000ವನ್ನು ಒಂದೇ ಬಿಲ್ ಮಾಡಬೇಡಿ. ಕಾಂಕ್ರೀಟ್, ಬೆಂಚು, ಗಿಡ ಅಂತ ಮೂರು ಕಂತು ಮಾಡಿ, ಒಂದರ ಹಣ ಬಂದ ಮೇಲೆ ಇನ್ನೊಂದು. ಕಾಂಟ್ರ್ಯಾಕ್ಟರಿಗೆ ಸಿಟಿಯೇ ನೇರ ಪಾವತಿ ಮಾಡುವ ಏರ್ಪಾಡು ಇದೆಯೇ ಅಂತ ಗ್ರಾಂಟ್ ಆಫೀಸಿನಲ್ಲಿ ಕೇಳಿ. ಇದ್ದರೆ ಅದೇ ಒಳ್ಳೆಯದು.

ಹಳೆಬೇರು:
ಅರ್ಜಿಯ ಬಗ್ಗೆ ಒಂದು ಮಾತು. ಈ ಪದ್ಧತಿಗೆ ಎಲ್ಲರೂ ಹೆಸರು ಹೇಳುವುದು ಸಿಯಾಟಲ್‌ನ ಮ್ಯಾಚಿಂಗ್ ನಿಧಿಯದು, 1988ರಲ್ಲಿ ಶುರುವಾದದ್ದು. ಅಲ್ಲಿನ ಫ್ರೀಮಾಂಟ್ ಬಡಾವಣೆಯಲ್ಲಿ ಅರೋರಾ ಸೇತುವೆಯಡಿ ಫೋಕ್ಸ್‌ವ್ಯಾಗನ್ ಕಾರನ್ನು ಹಿಡಿದು ಕೂತಿರುವ 18 ಅಡಿಯ ರಾಕ್ಷಸನ ಶಿಲ್ಪಕ್ಕೆ (1990) ಹಣ ಬಂದದ್ದೂ ಈ ನಿಧಿಯಿಂದಲೇ. ಆ ಜಾಗ ಮುಂಚೆ ಕಸ ಸುರಿಯುವ ಮೂಲೆಯಾಗಿತ್ತು. ಇಂಥ ಗ್ರಾಂಟಿನಲ್ಲಿ ಅಂಕ ಸಿಗುವುದು ಎಷ್ಟು ಮನೆಯವರು ಕೈ ಹಾಕಿದ್ದಾರೆ ಅನ್ನುವುದಕ್ಕೆ, ಕಾಂಕ್ರೀಟಿನ ನುಣುಪಿಗಲ್ಲ. ಬೀದಿಯಲ್ಲಿ 40 ಮನೆ ಇದ್ದು ಸಹಿ ಐದೇ ಇದ್ದರೆ ಬಜೆಟ್ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹಿಂದೆ ಬೀಳುತ್ತೀರಿ. ಬಾಡಿಗೆ ಮನೆಯವರನ್ನು ಕೇಳದೆ ಬಿಡುವುದು ಮಾಮೂಲಿ ತಪ್ಪು.

ಇನ್ನು “ನಿರ್ವಹಣೆ ಹೇಗೆ” ಅನ್ನುವ ಪ್ರಶ್ನೆಗೆ “ಸಂಘ ನೋಡಿಕೊಳ್ಳುತ್ತದೆ” ಅಂತ ಬರೆಯಬೇಡಿ. ಹೊಸ ಸಸಿಗೆ ಮೊದಲ ಎರಡು ಮೂರು ಬೇಸಿಗೆ ವಾರಕ್ಕೆ 15 ಗ್ಯಾಲನ್ ನೀರು ಬೇಕು. ಆರಕ್ಕೆ 90 ಗ್ಯಾಲನ್, ತೂಕ ಸುಮಾರು 750 ಪೌಂಡ್. ಜಾಗದಲ್ಲಿ ನಲ್ಲಿ ಇಲ್ಲದಿದ್ದರೆ ಅದನ್ನು ಹೊರುವವರು ಯಾರು? ಪಕ್ಕದ ಮನೆಯವರ ಪೈಪು ಬಳಸುವುದಾದರೆ ಅವರ ಒಪ್ಪಿಗೆ ಪತ್ರ ಲಗತ್ತಿಸಿ, ಯಾವ ವಾರ ಯಾವ ಮನೆ ಅಂತ ಪಟ್ಟಿ ಹಾಕಿ. ನೆಡುವ ದಿನ ಸಸಿಯ ಬುಡ ಅಗಲವಾಗಿ ಬೇರು ಶುರುವಾಗುವ ಜಾಗ ನೆಲದ ಮೇಲೆ ಕಾಣುತ್ತಿದೆಯೇ ಅಂತ ಪ್ರತಿ ಗುಂಡಿಯಲ್ಲೂ ನೋಡಲು ಒಬ್ಬರಿರಲಿ. ಉತ್ಸಾಹದಲ್ಲಿ ಆಳಕ್ಕೆ ಹೂತ ಗಿಡ ಸಾಯಲು ಮೂರ್ನಾಲ್ಕು ವರ್ಷ ಹಿಡಿಯಬಹುದು. ಬುಡದ ಸುತ್ತ ಹಾಕುವ ಮುಚ್ಚಿಗೆ (ಮಲ್ಚ್) 3 ಇಂಚು ಸಾಕು, ಕಾಂಡಕ್ಕೆ ತಾಗಿಸಬೇಡಿ.

ಮೂಲೆಮನೆ:
ನಲ್ಲಿ ಇಲ್ಲ. ಹತ್ತಿರದ ಮನೆಯಿಂದ 70 ಅಡಿ ದೂರ ಇದೆ.

ಗಾರೆಕೆಲಸ:
100 ಅಡಿಯ ಪೈಪು ಬರೆದುಕೊಳ್ಳಿ. ಅದು ಕಾಲುದಾರಿಯನ್ನು ದಾಟುತ್ತದಾದರೆ ಕಾಂಕ್ರೀಟ್ ಸುರಿಯುವ ಮುಂಚೆ ಜಲ್ಲಿಯ ಕೆಳಗೆ ಅಡ್ಡಲಾಗಿ 4 ಇಂಚಿನ ಪಿವಿಸಿ ಪೈಪು ಒಂದು ಹುಗಿಸಿ, ಎರಡೂ ತುದಿ ಮುಚ್ಚಿ. ಮುಂದೆ ನಲ್ಲಿ ಎಳೆಯುವಾಗ ದಾರಿ ಒಡೆಯಬೇಕಾಗಿ ಬರುವುದಿಲ್ಲ.