ಲಿವರ್‌ಗೆ ‘ಶ್ಯೂ’, ಹೃದಯಕ್ಕೆ ‘ಹ’: ಮನೆ ಗುಂಪಿನಲ್ಲಿ ಒಂದು ಫಾರ್ವರ್ಡ್

ಸೋದರಮಾವ, ಬೆಳಿಗ್ಗೆ 6:14
(ಫಾರ್ವರ್ಡ್ ಆದದ್ದು) 🙏 ದೇಹದ ಪ್ರತಿ ಅಂಗಕ್ಕೂ ಒಂದು ನಾದ! ಅಂಗದ ಮೇಲೆ ಕೈಯಿಟ್ಟು, ಒಳಗೇ ಅದಕ್ಕೊಂದು ನಗು ಕೊಟ್ಟು, ಉಸಿರು ಬಿಡುತ್ತಾ ಹೇಳಿ. ಲಿವರ್‌ಗೆ ಶ್ಯೂ, ಹೃದಯಕ್ಕೆ ಹ, ಗುಲ್ಮಕ್ಕೆ (ಸ್ಪ್ಲೀನ್) ಹೂ, ಶ್ವಾಸಕೋಶಕ್ಕೆ ಸ್ಸ್, ಕಿಡ್ನಿಗೆ ಚ್ವೇ. 21 ದಿನದಲ್ಲಿ ಫ್ಯಾಟಿ ಲಿವರ್ ಮಾಯ, ಕಿಡ್ನಿ ಕಲ್ಲು ಕರಗುತ್ತೆ. ಮಾತ್ರೆ ಬೇಕಿಲ್ಲ. ನಮ್ಮ ಋಷಿಗಳ 5000 ವರ್ಷದ ವಿದ್ಯೆ. 10 ಜನಕ್ಕೆ ಕಳಿಸಿ 🙏

ಸೋದರಮಾವ, 6:15
ಕೈ ಎಲ್ಲಿಡಬೇಕು ಅಂತ ಚಿತ್ರವೂ ಇದೆ, ಕೆಳಗೆ ಹಾಕಿದೀನಿ. ಎಲ್ಲರೂ ಶುರು ಮಾಡಿ.

ಅಕ್ಕ, 6:40
ಮಾವ, ‘ಮಾತ್ರೆ ಬೇಕಿಲ್ಲ’ ಅನ್ನೋ ಸಾಲು ಇರೋವರೆಗೂ ದಯವಿಟ್ಟು ಇದನ್ನ ಎಲ್ಲೂ ಕಳಿಸಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಭಾವ, 7:02
ಅಭ್ಯಾಸ ಒಳ್ಳೇದೇ. ಆದರೆ ಇದು ನಮ್ಮ ಋಷಿಗಳದ್ದಲ್ಲ ಮಾವ, ಚೀನಾದ ದಾವೋ ಪರಂಪರೆಯದು. ಹೆಸರು ‘ಲ್ಯು ಜ಼ಿ ಜ್ಯೂಎ’, ಆರಕ್ಷರದ ವಿಧಾನ. ತಾವೊ ಹೊಂಗ್‌ಜಿಂಗ್ (456–536) ಹೆಸರಲ್ಲಿರೋ ‘ಯಾಂಗ್‌ಶಿಂಗ್ ಯಾನ್‌ಮಿಂಗ್ ಲು’ ಗ್ರಂಥದಲ್ಲಿ ಬರುತ್ತೆ. ಉಸಿರು ಒಳಗೆ ಬರೋ ದಾರಿ ಒಂದು, ಹೊರಗೆ ಬಿಡೋ ದಾರಿ ಆರು ಅನ್ನೋದು ಅಲ್ಲಿಯ ಮೂಲ ಮಾತು. ಈಗ ಎಲ್ಲಾ ಕಡೆ ಕಲಿಸೋ ರೂಪ 2003ರಲ್ಲಿ ಚೀನಾದ ಕ್ರೀಡಾ ಇಲಾಖೆಯವರು ಕ್ರಮಗೊಳಿಸಿದ್ದು. ನಿಮ್ಮ ಫಾರ್ವರ್ಡಲ್ಲಿ ಆರನೆಯ ಅಕ್ಷರ ‘ಶೀ’ ಬಿಟ್ಟೇ ಹೋಗಿದೆ. ಅದು ಸಾನ್‌ಜಿಯಾವೊಗೆ, ಅಂದ್ರೆ ಮೂರು ಉಷ್ಣಸ್ಥಾನಗಳಿಗೆ. ಅದಕ್ಕೆ ಸಮವಾಗಿ ಕುಯ್ದು ತೋರಿಸೋಕೆ ಒಂದು ಅಂಗವೇ ಇಲ್ಲ, ಅದಕ್ಕೇ ಬಿಟ್ಟಿದಾರೆ ಅನ್ಸುತ್ತೆ.

ಭಾವ, 7:09
ಇನ್ನೊಂದು. ಆ ಹಳೆಯ ಗ್ರಂಥದಲ್ಲಿ ಜೋಡಿಗಳೇ ಬೇರೆ. ಅಲ್ಲಿ ‘ಶ್ಯೂ’ ಶ್ವಾಸಕೋಶದ್ದು, ‘ಹ’ ಯಕೃತ್ತಿನದು, ‘ಸ್ಸ್’ ಮೂತ್ರಪಿಂಡದ್ದು. ಹೃದಯಕ್ಕೆ ‘ಹೂ’ ಮತ್ತು ‘ಚ್ವೇ’ ಎರಡೂ. ಶ್ಯೂ ಲಿವರ್‌ಗೆ ಬಂದಿದ್ದು ಆಮೇಲಿನ ಕಾಲದಲ್ಲಿ, ಚೀನೀಯರ ಐದು ತತ್ತ್ವಗಳ (ಮರ, ಬೆಂಕಿ, ಮಣ್ಣು, ಲೋಹ, ನೀರು) ಚಕ್ರಕ್ಕೆ ಹೊಂದಿಸಿದಾಗ.

ಅಕ್ಕ, 7:15
ಹಾಗಾದ್ರೆ ನೀವೇ ನನ್ನ ಪರ ಮಾತಾಡಿದ್ರಿ ಭಾವ. ಶ್ಯೂ ಅನ್ನೋ ಕಂಪನ ಲಿವರನ್ನೇ ಮುಟ್ಟೋದಾದ್ರೆ, ಒಂದು ಕಾಲದಲ್ಲಿ ಶ್ವಾಸಕೋಶ ಮುಟ್ಟಿ ಇನ್ನೊಂದು ಕಾಲದಲ್ಲಿ ಲಿವರ್ ಮುಟ್ಟೋದು ಹೇಗೆ?

ಭಾವ, 7:21
ಆ ಅಂಗ ಅಂದ್ರೆ ಮಾಂಸದ ತುಂಡು ಅಂತ ನೀನು ತಗೊಂಡಿದೀಯ. ಚೀನೀ ವೈದ್ಯದಲ್ಲಿ ‘ಗುಲ್ಮ’ ಅಂದ್ರೆ ಜೀರ್ಣದ ಇಡೀ ಕೆಲಸ, ‘ಯಕೃತ್ತು’ ಅಂದ್ರೆ ಸಿಟ್ಟು, ಹರಿವು, ಕಣ್ಣು ಎಲ್ಲಾ ಸೇರಿದ ಒಂದು ವ್ಯಾಪಾರ. ನಾವೂ ‘ಪಿತ್ತ ನೆತ್ತಿಗೇರಿತು’ ಅಂತೀವಿ, ‘ಕರುಳು ಚುರಕ್ ಅಂತು’ ಅಂತೀವಿ. ಹಾಗಂದಾಗ ಯಾರೂ ಸ್ಕ್ಯಾನ್ ಮಾಡಿಸೋಕೆ ಹೋಗಲ್ಲ.

ಅಕ್ಕ, 7:30
ಒಪ್ಪಿದೆ. ಹಾಗೇ ಹೇಳಿದ್ರೆ ನನ್ನ ತಕರಾರೇ ಇಲ್ಲ. ಆದರೆ ಫಾರ್ವರ್ಡು ಆ ಹೆಸರನ್ನ ತಗೊಂಡು ಹೋಗಿ ಸ್ಕ್ಯಾನ್ ರಿಪೋರ್ಟಿನ ಲಿವರ್ ಮೇಲೆ ಅಂಟಿಸಿದೆ. ಗುಲ್ಮ ತೆಗೆಸಿಕೊಂಡೋರಿಗೂ ಅನ್ನ ಜೀರ್ಣ ಆಗುತ್ತೆ. ಅವರಿಗೆ ಕಾಡೋದು ಸೋಂಕಿನ ಭಯ, ಅದಕ್ಕೇ ಲಸಿಕೆ ಹಾಕಿಸಿಕೊಳ್ಳಬೇಕು. ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರು ಬಿದ್ದಿದೆ ಅಷ್ಟೇ.

ಸೋದರಮಾವ, 7:33
ನಿಮಗೆ ಎಲ್ಲದಕ್ಕೂ ತಕರಾರು. ಕಣ್ಮುಚ್ಚಿ ಕೈಯಿಟ್ಟು ಕೂತರೆ ಒಳಗಿನ ಅಂಗ ಮಾತಾಡುತ್ತೆ. ಅದು ಸುಳ್ಳಾ?

ಅಕ್ಕ, 7:58
ಮಾವ, ಇದೇ ಮುಖ್ಯ ಪ್ರಶ್ನೆ, ಅದಕ್ಕೆ ಉದ್ದ ಬರೀತೀನಿ. ಲಿವರ್ ಸುಮಾರು ಒಂದೂವರೆ ಕೆಜಿ ತೂಗುತ್ತೆ. ಬಲಗಡೆ ಪಕ್ಕೆಲುಬಿನ ಒಳಗೆ, ವಪೆಗೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಿನ ಪರದೆ) ಅಂಟಿಕೊಂಡು ತೂಗಾಡ್ತಿರುತ್ತೆ. ಅದರ ಒಳಗಿನ ಮಾಂಸದಲ್ಲಿ ನೋವಿನ ನರಗಳೇ ಇಲ್ಲ. ನೋವು ಗೊತ್ತಾಗೋದು ಮೇಲಿನ ತೆಳು ಹೊದಿಕೆ ಹಿಗ್ಗಿದಾಗ ಮಾತ್ರ. ಕೊಬ್ಬು ನಿಧಾನಕ್ಕೆ ತುಂಬಿದರೆ ಆ ಹೊದಿಕೆ ಬಹುಪಾಲು ಸುಮ್ಮನೇ ಇರುತ್ತೆ. ಅದಕ್ಕೇ ಫ್ಯಾಟಿ ಲಿವರ್ ಇರೋ ಹೆಚ್ಚಿನವರಿಗೆ ಏನೂ ಅನ್ನಿಸಲ್ಲ. ಕೈಯಿಟ್ಟಾಗ ‘ಹಾಯಾಗಿದೆ’ ಅನ್ನಿಸಿದ್ದು ಲಿವರ್ ಹೇಳಿದ್ದಲ್ಲ, ಕೈಯ ಬಿಸಿ ಮತ್ತು ಹೊಟ್ಟೆಯ ಚರ್ಮ ಹೇಳಿದ್ದು.

ಮಾತಾಡಿದಾಗಲೂ ಅಂಗ ತಪ್ಪು ವಿಳಾಸ ಕೊಡುತ್ತೆ. ಪಿತ್ತಕೋಶದ ಅಥವಾ ವಪೆಯ ಕೆಳಗಿನ ತೊಂದರೆ ಬಲ ಭುಜದಲ್ಲಿ ನೋಯುತ್ತೆ, ಯಾಕಂದ್ರೆ ವಪೆಯ ನರ ಹೊರಡೋದು ಕುತ್ತಿಗೆಯ 3, 4, 5ನೇ ಹಂತದಿಂದ, ಭುಜದ ಚರ್ಮದ ನರಗಳೂ ಅಲ್ಲಿಂದಲೇ. ಹೃದಯದ್ದು ಎಡಗೈಗೆ, ದವಡೆಗೆ, ಕೆಲವರಿಗೆ ಹೊಟ್ಟೆಯ ಮೇಲ್ಭಾಗಕ್ಕೆ. ಅಪೆಂಡಿಕ್ಸ್ ಶುರುವಾಗೋದು ಹೊಕ್ಕುಳ ಸುತ್ತ, ಬಲ ಕೆಳಹೊಟ್ಟೆಗೆ ಇಳಿಯೋದು ಆಮೇಲೆ. ಕಿಡ್ನಿ ಕಲ್ಲು ಪಕ್ಕೆಯಿಂದ ತೊಡೆಸಂದಿಗೆ. ಎಡಗೈ ನೋಯುತ್ತೆ ಅಂತ ಕೈಗೆ ನಗು ಕೊಡ್ತಾ ಕೂತ್ರೆ ಹೃದಯಾಘಾತದ ಮೊದಲ ಗಂಟೆ ಹೋಗಿಬಿಡುತ್ತೆ. ನನ್ನ ಜೀವ ತಳಮಳಿಸೋದು ಇದಕ್ಕೇ.

ದೊಡ್ಡಪ್ಪ, 8:20
ಅಂಗಗಳನ್ನು ಮುಟ್ಟುವ ನಮ್ಮ ಕ್ರಮವೇ ಬೇರೆ ಇದೆ, ಅದನ್ನು ಇದರ ಜೊತೆ ಬೆರೆಸಬೇಡಿ. ಅಂಗನ್ಯಾಸದಲ್ಲಿ ಆರು ಸ್ಥಾನ: ಹೃದಯಾಯ ನಮಃ, ಶಿರಸೇ ಸ್ವಾಹಾ, ಶಿಖಾಯೈ ವಷಟ್, ಕವಚಾಯ ಹುಂ, ನೇತ್ರತ್ರಯಾಯ ವೌಷಟ್, ಅಸ್ತ್ರಾಯ ಫಟ್. ಕವಚಕ್ಕೆ ಎರಡು ಕೈಗಳನ್ನು ಅಡ್ಡಹಾಕಿ ಎದುರು ಭುಜ ಮುಟ್ಟುತ್ತೇವೆ. ನೇತ್ರಕ್ಕೆ ತರ್ಜನಿ, ಮಧ್ಯಮ, ಅನಾಮಿಕ ಮೂರು ಬೆರಳು. ಅಸ್ತ್ರಕ್ಕೆ ಎಡ ಅಂಗೈ ಮೇಲೆ ಬಲಗೈಯ ಎರಡು ಬೆರಳಿನಿಂದ ತಟ್ಟುವುದು. ಸಂಪ್ರದಾಯಕ್ಕೆ ತಕ್ಕಂತೆ ಸ್ವಲ್ಪ ವ್ಯತ್ಯಾಸ ಉಂಟು. ಇದರಲ್ಲಿ ಯಕೃತ್ತೂ ಇಲ್ಲ, ಮೂತ್ರಪಿಂಡವೂ ಇಲ್ಲ. ಜಪಕ್ಕೆ ಕೂರುವ ಮೊದಲು ಈ ಶರೀರವನ್ನು ದೇವತೆಗೆ ಸ್ಥಳವಾಗಿ ಮಾಡಿಕೊಳ್ಳುವುದು ಅದರ ಉದ್ದೇಶ, ರೋಗ ಗುಣ ಮಾಡುವುದಲ್ಲ. ಊಟದ ಮುಂಚೆ ‘ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ’ ಎಂದು ಐದು ಆಹುತಿ ನುಂಗುವುದೂ ಹಾಗೆಯೇ. ಹಲ್ಲು ತಗುಲಿಸದೆ ಐದು ತುತ್ತು ನುಂಗುವಷ್ಟು ಹೊತ್ತು ಮನಸ್ಸು ತಟ್ಟೆಯ ಮೇಲೆ ನಿಲ್ಲುತ್ತದೆ. ಅಷ್ಟು ಸಾಕು. ಋಷಿಗಳ ಹೆಸರು ಹೇಳಿ ಅವರು ಹೇಳದ್ದನ್ನು ಮಾರುವುದು ಅವರಿಗೇ ಮಾಡುವ ಅಪಚಾರ.

ಚಿಕ್ಕಮ್ಮ, 8:31
ಎಲ್ಲಾ ಸರಿ. ಈಗ ಮಾಡಬೇಕೋ ಬೇಡವೋ? ಮಾಡೋದಾದ್ರೆ ಹೇಗೆ? ವಯಸ್ಸಾದವರು ಈ ಗುಂಪಲ್ಲೇ ನಾಲ್ಕು ಜನ ಇದಾರೆ.

ಭಾವ, 8:52
ಮಾಡಿ ಚಿಕ್ಕಮ್ಮ. ಊಟ ಆಗಿ ಎರಡು ಮೂರು ಗಂಟೆ ಕಳೆದಿರಲಿ. ಕುರ್ಚಿಯ ಅಂಚಿಗೆ ಕೂತು ಪಾದ ಎರಡೂ ನೆಲಕ್ಕೆ ಊರಿ. ಮೂಗಿನಿಂದ 4 ಎಣಿಸೋವಷ್ಟು ಒಳಗೆ, ಬಾಯಿಂದ 6 ಎಣಿಸೋವಷ್ಟು ಹೊರಗೆ. ಒಂದು ಅಕ್ಷರಕ್ಕೆ 6 ಉಸಿರು. ಆಗ ಒಂದು ಅಕ್ಷರಕ್ಕೆ ಸರಿಯಾಗಿ ಒಂದು ನಿಮಿಷ, ಆರಕ್ಕೆ ಆರು ನಿಮಿಷ. ನಡುನಡುವೆ ಸುಮ್ಮನೆ ಕೂತರೆ ಹತ್ತು ನಿಮಿಷದಲ್ಲಿ ಮುಗಿಯುತ್ತೆ.

ಬಾಯಿಯ ಆಕಾರ ಮುಖ್ಯ, ಫಾರ್ವರ್ಡು ಅದನ್ನೇ ಹೇಳಿಲ್ಲ. ‘ಶ್ಯೂ’ಗೆ ತುಟಿಯ ಮೂಲೆ ಸ್ವಲ್ಪ ಹಿಂದಕ್ಕೆ, ದವಡೆ ಹಲ್ಲುಗಳ ನಡುವೆ ಸಂದು ಬಿಟ್ಟು ಗಾಳಿ ನಾಲಿಗೆಯ ಪಕ್ಕದಿಂದ ಹೊರಡಬೇಕು, ಕಣ್ಣು ತೆರೆದೇ ಇರಬೇಕು. ‘ಸ್ಸ್’ಗೆ ಮುಂದಿನ ಹಲ್ಲುಗಳು ಎದುರೆದುರು, ನಾಲಿಗೆ ತುದಿ ಕೆಳ ಹಲ್ಲಿಗೆ ತಾಗಿರಲಿ. ‘ಹೂ’ಗೆ ತುಟಿ ದುಂಡಗೆ. ಮೊದಮೊದಲು ಸದ್ದು ಕೇಳಿಸೋ ಹಾಗೆ ಮಾಡಿ, ಆಕಾರ ಸರಿ ಇದೆಯಾ ಅಂತ ಕಿವಿಗೇ ಗೊತ್ತಾಗುತ್ತೆ. ಪಳಗಿದ ಮೇಲೆ ಸದ್ದಿಲ್ಲದೆ.

ತಪ್ಪೋದು ಎಲ್ಲಿ ಅಂದ್ರೆ, ಬಲೂನ್ ಊದೋ ಹಾಗೆ ರಭಸದಿಂದ ಊದ್ತಾರೆ. ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗಿ ತುಟಿ ಸುತ್ತ, ಬೆರಳ ತುದಿ ಜುಮ್ ಅನ್ನುತ್ತೆ, ತಲೆ ತಿರುಗುತ್ತೆ. ‘ಶಕ್ತಿ ಹರೀತಿದೆ’ ಅಂದ್ಕೊಂಡು ಇನ್ನೂ ಜೋರು ಮಾಡ್ತಾರೆ. ಅದು ಶಕ್ತಿಯಲ್ಲ. ಅಕ್ಷರ ನಿಲ್ಲಿಸಿ, ಬಾಯಿ ಮುಚ್ಚಿ, ಮೂಗಿನಲ್ಲಿ ಮಾಮೂಲಿ ಉಸಿರಾಡಿ, ಎರಡು ನಿಮಿಷದಲ್ಲಿ ಸರಿ ಹೋಗುತ್ತೆ. ಕೊನೇ ಹನಿ ಗಾಳಿ ಹಿಂಡೋಕೂ ಹೋಗಬೇಡಿ, ಮುಂದಿನ ಉಸಿರು ಏದುಸಿರಾಗಿ ಬರುತ್ತೆ.

ಅಕ್ಕ, 9:05
ಈ 4–6ರ ಲೆಕ್ಕಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಿಮಿಷಕ್ಕೆ 6 ಉಸಿರಾದಾಗ ಹೃದಯ ಬಡಿತ ಉಸಿರಿನ ಜೊತೆ ಏರಿಳಿಯೋದು ಜಾಸ್ತಿಯಾಗುತ್ತೆ, ರಕ್ತದೊತ್ತಡ ತಿದ್ದೋ ಪ್ರತಿಕ್ರಿಯೆಯೂ ಚುರುಕಾಗುತ್ತೆ. ಲಾಭ ಬರೋದು ಅಲ್ಲಿಂದ. ‘ಶ್ಯೂ’ ಬದಲು ‘ಓಂ’ ಅಂದ್ರೂ, ಏನೂ ಅನ್ನದೆ ಬಿಟ್ಟರೂ, ಉಸಿರಿನ ವೇಗ ಅದೇ ಇದ್ರೆ ಬರುತ್ತೆ.

ಭಾವ, 9:11
ಗಮನದ ಪಾಲೂ ಇದೆ. ಮಿದುಳಿನಿಂದ ಎದೆ, ಹೊಟ್ಟೆವರೆಗೆ ಇಳಿಯೋ ವೇಗಸ್ ನರದ ಎಳೆಗಳಲ್ಲಿ ಸುಮಾರು 80% ಅಂಗದಿಂದ ಮಿದುಳಿಗೆ ಸುದ್ದಿ ಒಯ್ಯೋವು. ಕೇಳಿಸಿಕೊಳ್ಳೋಕೆ ದಾರಿ ಇದೆ ಅಂತಾಯ್ತಲ್ಲ?

ಅಕ್ಕ, 9:24
ದಾರಿ ಇದೆ, ಆದರೆ ಅದರಲ್ಲಿ ಹೋಗೋ ಹೆಚ್ಚಿನ ಸುದ್ದಿ ನಮ್ಮ ಅರಿವಿಗೆ ಬರೋದೇ ಇಲ್ಲ. ಜಠರ ಎಷ್ಟು ಹಿಗ್ಗಿದೆ, ಶ್ವಾಸಕೋಶ ಎಷ್ಟು ತುಂಬಿದೆ, ಇಂಥವು ಮಿದುಳಕಾಂಡದಲ್ಲೇ ತೀರ್ಮಾನ ಆಗಿಬಿಡುತ್ತೆ. ಅರಿವಿಗೆ ಬರೋವು ಹಸಿವು, ಹೊಟ್ಟೆ ತುಂಬಿದ್ದು, ಮೂತ್ರ ಒತ್ತೋದು, ಉಸಿರು ಕಟ್ಟೋದು, ಎದೆ ಬಡಿತ. ಬಡಿತವನ್ನೂ ನಾಡಿ ಮುಟ್ಟದೆ ಎಣಿಸಿ ಅಂದ್ರೆ ಬಹಳ ಜನ ‘ನಿಮಿಷಕ್ಕೆ 70 ಇರುತ್ತೆ’ ಅನ್ನೋ ಅಂದಾಜಲ್ಲೇ ಎಣಿಸ್ತಾರೆ.

ಇವನ್ನೇ ಅಭ್ಯಾಸ ಮಾಡಿ ಅಂತ ನಾನು ಹೇಳೋದು. ಎಡ ಮಗ್ಗುಲಿಗೆ ಮಲಗಿ, ಎಡ ಎದೆಯಲ್ಲಿ ಐದನೇ ಪಕ್ಕೆಸಂದಿನ ಮೇಲೆ, ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ, ಎರಡು ಬೆರಳಿಡಿ. ಹೃದಯದ ತುದಿ ಬಡಿಯೋದು ಅನೇಕರ ಬೆರಳಿಗೆ ಸಿಗುತ್ತೆ. ಲಿವರ್ ಬೇಕಾ? ಬಲ ಪಕ್ಕೆಯ ಕೆಳ ಅಂಚಿಗೆ ಅಂಗೈಯಿಟ್ಟು ಆಳವಾಗಿ ಉಸಿರು ತಗೊಳ್ಳಿ. ಮಾಮೂಲಿ ಉಸಿರಲ್ಲಿ ವಪೆ ಒಂದೂವರೆ ಸೆಂ.ಮೀ. ಇಳಿಯುತ್ತೆ, ಆಳ ಉಸಿರಲ್ಲಿ 6–7 ಸೆಂ.ಮೀ. ಆಗಬಹುದು. ಲಿವರ್, ಗುಲ್ಮ, ಕಿಡ್ನಿ ಮೂರೂ ಅದರ ಜೊತೆ ಇಳಿದು ಏರುತ್ತವೆ. ಕೈಗೆ ಲಿವರ್ ಸಿಗದೇ ಇರಬಹುದು, ಆದರೆ ಅದು ಅಲ್ಲಿ ಸರೀತಿರೋದು ನಿಜ. ಅಂಗದ ಜೊತೆ ನಂಟು ಅಂದ್ರೆ ನನಗೆ ಇದಕ್ಕಿಂತ ಹತ್ತಿರದ್ದು ಗೊತ್ತಿಲ್ಲ.

ಚಿಕ್ಕಮ್ಮ, 9:30
ಗಾಬರಿ ಸ್ವಭಾವ ಇರೋರಿಗೆ ಎದೆ ಬಡಿತ ಕೇಳು ಅಂದ್ರೆ ಗಾಬರಿ ಇನ್ನೂ ಏರಲ್ವಾ?

ಭಾವ, 9:36
ಏರುತ್ತೆ. ಅಂಥವರಿಗೆ ಹೃದಯ ಬಿಟ್ಟು ಪಾದದಿಂದ ಶುರು ಮಾಡಿಸಬೇಕು. ಅಂಗಾಲು ನೆಲ ಮುಟ್ಟಿರೋದು, ತೊಡೆ ಕುರ್ಚಿ ಮುಟ್ಟಿರೋದು, ಆಮೇಲೆ ಹೊರಗಿನ ಸದ್ದು. ಕಣ್ಣು ತೆರೆದೇ ಇರಲಿ. ಎರಡು ಮೂರು ನಿಮಿಷ ಸಾಕು. ಬಿ.ಪಿ., ಹರ್ನಿಯಾ, ಗ್ಲಾಕೋಮಾ, ಗರ್ಭಿಣಿಯರು, ಹೊಟ್ಟೆ ಆಪರೇಷನ್ ಆದವರು ಉಡ್ಡಿಯಾನ ಬಂಧವನ್ನ (ಉಸಿರು ಬಿಟ್ಟು ಹೊಟ್ಟೆಯನ್ನ ಒಳಕ್ಕೆ, ಮೇಲಕ್ಕೆ ಎಳೆದು ಹಿಡಿಯೋದು) ಇದರ ಜೊತೆ ಸೇರಿಸಬಾರದು. ಕೆಲವು ವಿಡಿಯೋಗಳು ಸೇರಿಸ್ತವೆ.

ಸೋದರಮಾವ, 9:48
ಸರಿ. ಹಾಗಾದ್ರೆ ಕಲ್ಲು ಬಿತ್ತು ಅಂತ ಅಷ್ಟು ಜನ ಕಾಮೆಂಟ್ ಹಾಕಿದಾರಲ್ಲ?

ಅಕ್ಕ, 9:55
ಬಿದ್ದಿರುತ್ತೆ ಮಾವ, ಸುಳ್ಳಲ್ಲ. 5 ಮಿ.ಮೀ.ಗಿಂತ ಚಿಕ್ಕ ಕಲ್ಲು ಬಹಳಷ್ಟು ಸಲ ತಾನಾಗೇ ಹೋಗುತ್ತೆ. ಆ ಹೊತ್ತಿಗೆ ಏನು ಮಾಡ್ತಿದ್ದರೋ ಹೆಸರು ಅದಕ್ಕೆ ಬರುತ್ತೆ. ಮತ್ತೆ ಆಗದೇ ಇರೋಕೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗೋವಷ್ಟು ನೀರು ಕುಡೀಬೇಕು, ಉಪ್ಪು ಇಳಿಸಬೇಕು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದ್ರೆ ಅವತ್ತೇ ಆಸ್ಪತ್ರೆ. ಫ್ಯಾಟಿ ಲಿವರ್‌ಗೆ ತೂಕ: 80 ಕೆಜಿ ಇರೋರು 4 ಕೆಜಿ ಇಳಿಸಿದ್ರೆ ಕೊಬ್ಬು ಕರಗೋಕೆ ಶುರು, ಉರಿಯೂತವೂ ಇಳೀಬೇಕಂದ್ರೆ 6ರಿಂದ 8 ಕೆಜಿ.

ದೊಡ್ಡಪ್ಪ, 10:02
ಉಸಿರಿನ ಅಭ್ಯಾಸ ಮಾಡಿದವನಿಗೆ ಊಟ ಎಲ್ಲಿ ನಿಲ್ಲಿಸಬೇಕು ಎಂಬುದು ಬೇಗ ತಿಳಿಯುತ್ತದೆ. ಆ ದಾರಿಯಿಂದ ಯಕೃತ್ತಿಗೂ ಉಪಕಾರವಾದೀತು. ಅಷ್ಟನ್ನು ಬಿಟ್ಟುಕೊಡಮ್ಮ.

ಅಕ್ಕ, 10:04
ಖಂಡಿತ ದೊಡ್ಡಪ್ಪ. 🙏

ಸೋದರಮಾವ, 10:31
ಹಳೇದು ಡಿಲೀಟ್ ಮಾಡಿದೆ. ಹೀಗೆ ಹಾಕಲಾ ನೋಡಿ: “ಚೀನಾದ ಆರಕ್ಷರದ ಉಸಿರಾಟ. 4 ಒಳಗೆ, 6 ಹೊರಗೆ, ಒಂದು ಅಕ್ಷರಕ್ಕೆ 6 ಸಲ. ರಭಸ ಬೇಡ, ತಲೆ ತಿರುಗಿದ್ರೆ ನಿಲ್ಲಿಸಿ. ಮಾತ್ರೆ ಬಿಡಬೇಡಿ. ಎದೆ, ಎಡಗೈ, ದವಡೆ ನೋವಿಗೆ ಇದನ್ನ ಮಾಡ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.” ಚಿತ್ರ ಅದೇ ಇರಲಾ?

ಅಕ್ಕ, 10:34
ಬರಹ ಚೆನ್ನಾಗಿದೆ ಮಾವ. ಚಿತ್ರ ಬೇಡ. ಅದರಲ್ಲಿ ಕಿಡ್ನಿ ಅಂತ ಕೈಯಿಟ್ಟಿರೋದು ಸೊಂಟದ ಪಟ್ಟಿ ಕಟ್ಟೋ ಜಾಗದಲ್ಲಿ. ಕಿಡ್ನಿ ಇರೋದು ಅದಕ್ಕಿಂತ ಮೇಲೆ, ಅದರ ಮೇಲ್ಭಾಗ ಕೊನೆಯ ಎರಡು ಪಕ್ಕೆಲುಬಿನ ಮರೆಯಲ್ಲಿ. ಬಲಗಡೆಯದು ಲಿವರ್ ಒತ್ತಿ ಎಡಗಡೆಯದಕ್ಕಿಂತ ಸ್ವಲ್ಪ ಕೆಳಗಿರುತ್ತೆ.

ಚಿಕ್ಕಮ್ಮ, 10:36
ವಾಕಿಂಗ್ ಗುಂಪಿಗೂ ಹೋದ ವಾರವೇ ಕಳಿಸಿದ್ರಿ ಮಾವ. ಅಲ್ಲೂ ತೆಗೀರಿ.

ಸೋದರಮಾವ, 10:37
ಅಲ್ಲಿ ಡಿಲೀಟ್ ಆಗ್ತಿಲ್ಲ, ಹೊತ್ತು ಮೀರಿದೆ. ಹೊಸದನ್ನ ಅದರ ಕೆಳಗೇ ಹಾಕಿ, ‘ಮೇಲಿನದು ತಪ್ಪು’ ಅಂತ ಬರೀತಿದೀನಿ.