ಬೀದಿಯ ಚಿತ್ರಕ್ಕೆ ಹಳೆಯ ಆಲ್ಬಮ್ಮಿನ ಕಳೆ: ಮಾಡಿ ನೋಡಿದವರ ಮಾತು

ಕೇಳಿಕೆ, ವಿಜಯಪುರದಿಂದ

ಗಾಂಧಿ ಚೌಕ, ಬಾರಾ ಕಮಾನು ಸ್ಮಾರಕ, ಎಲ್‌ಬಿಎಸ್ ಮಾರ್ಕೆಟ್ ಸುತ್ತಮುತ್ತ ಮೊಬೈಲಿನಲ್ಲಿ ತೆಗೆದ ಬೀದಿಯ ಚಿತ್ರಗಳು ನನ್ನಲ್ಲಿ ಸಾಕಷ್ಟಿವೆ. ಅವುಗಳಿಗೆ ನಮ್ಮ ತಂದೆಯವರ ಆಲ್ಬಮ್ಮಿನ ಛಾಯೆ ಬರಲೆಂದು ಸಿದ್ಧ ಫಿಲ್ಟರ್‌ಗಳನ್ನು ಹಾಕಿ ನೋಡಿದರೆ, ಎಲ್ಲವೂ ಚಹಾ ಚೆಲ್ಲಿದ ಕಾಗದದಂತೆ ಕಾಣುತ್ತಿವೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಬೆಳಗಾವಿಯಿಂದ

ಆ ಚಹಾದ ಬಣ್ಣದಲ್ಲಿ ನಾನೂ ಒಂದು ವರ್ಷ ಕಳೆದಿದ್ದೇನೆ, ಸರ್. ಅದಕ್ಕೆ ಸೇಪಿಯಾ ಎನ್ನುತ್ತಾರೆ; ಅದು ಕಪ್ಪು-ಬಿಳುಪು ಪ್ರಿಂಟಿನೊಳಗಿನ ಬೆಳ್ಳಿಯನ್ನು ಬೆಳ್ಳಿಯ ಸಲ್ಫೈಡ್ ಆಗಿ ಮಾರ್ಪಡಿಸಿದಾಗ ಬರುವ ಕಂದು. ತಂದೆಯವರ ಆಲ್ಬಮ್ಮಿನಲ್ಲಿರುವುದು 1970ರ ದಶಕದ ಬಣ್ಣದ ಪ್ರಿಂಟುಗಳಾಗಿದ್ದರೆ ಅವು ಮಾಸುವ ರೀತಿಯೇ ಬೇರೆ. ಆ ಪ್ರಿಂಟುಗಳಲ್ಲಿ ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ನೇರಳೆ ಬೆರೆತ ಗುಲಾಬಿ), ಹಳದಿ ಎಂಬ ಮೂರು ಬಣ್ಣಗಳಿದ್ದು, ಆಲ್ಬಮ್ಮಿನ ಕತ್ತಲಲ್ಲಿ ಸಾಮಾನ್ಯವಾಗಿ ಸಯಾನ್ ಮೊದಲು ಮಾಸುವುದರಿಂದ ಚಿತ್ರ ಕೆಂಪಿಗೆ ತಿರುಗುತ್ತದೆ ಮತ್ತು ಕಪ್ಪು ತನ್ನ ಕಪ್ಪನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಫಿಲ್ಟರ್ ಬಿಟ್ಟು ಕರ್ವ್ಸ್, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಬೆಳಕನ್ನು ಒಂದು ಗೆರೆ ಎಳೆದು ತಿದ್ದುವ ಸಾಧನ, ಹಿಡಿಯಿರಿ. ಗಿಂಪ್, ಸ್ನಾಪ್‌ಸೀಡ್ ಎಂಬ ಚಿತ್ರ ತಿದ್ದುವ ತಂತ್ರಾಂಶಗಳೆರಡರಲ್ಲೂ ಅದು ಉಚಿತವಾಗಿ ಸಿಗುತ್ತದೆ.

ಟಾಂಗಾದ ಒಂದು ಚಿತ್ರದಲ್ಲಿ ನಾನು ಮಾಡಿದ್ದನ್ನೇ ಹೇಳುತ್ತೇನೆ. ಮೊಬೈಲು ತಾನಾಗಿಯೇ ಹರಿತಗೊಳಿಸಿದ್ದ ಅಂಚುಗಳು ಕಣ್ಣಿಗೆ ಚುಚ್ಚುತ್ತಿದ್ದುದರಿಂದ ಮೊದಲು ಸೂಕ್ಷ್ಮ ವಿವರಗಳನ್ನು ಎದ್ದು ಕಾಣಿಸುವ ಸ್ಟ್ರಕ್ಚರ್ ಇಳಿಸಿದೆ. ಆಮೇಲೆ ಕರ್ವ್ಸ್‌ನ ಕೆಳಗಿನ, ಅಂದರೆ ಕಪ್ಪಿನ, ತುದಿಯನ್ನು 255ರ ಅಳತೆಯಲ್ಲಿ 0ಯಿಂದ ಸುಮಾರು 20ಕ್ಕೆ ಎತ್ತಿದಾಗ ಕುದುರೆಯ ಕರಿ ಮೈ ಬೂದು ಬಣ್ಣಕ್ಕೆ ಬಂತು. ಕೆಂಪು ಬಣ್ಣವೊಂದನ್ನೇ ತಿದ್ದುವ ಕೆಂಪು ಚಾನೆಲ್‌ನಲ್ಲಿ ಅದೇ ತುದಿಯನ್ನು ಇನ್ನೊಂದು ಕೂದಲೆಳೆಯಷ್ಟು ಎತ್ತಿದಾಗ ನೆರಳಿಗೆ ಕೆಂಪು ಹತ್ತಿತು. ನೀಲಿ ಚಾನೆಲ್‌ನ ಮೇಲಿನ ತುದಿಯನ್ನು ತುಸು ಇಳಿಸಿದಾಗ ಟಾಂಗಾವಾಲಾನ ಬಿಳಿ ಟೋಪಿ ಕೆನೆಯ ಬಣ್ಣಕ್ಕೆ ತಿರುಗಿತು. ಗ್ರೇನ್, ಅಂದರೆ ಹಳೆಯ ಫಿಲ್ಮಿನಂಥ ಕಾಳುಕಾಳು, ಮಾತ್ರ ಕೊನೆಗೆ, ಚಿತ್ರದ ಅಳತೆ ನಿಗದಿಯಾದ ಮೇಲೆ ಹಾಕಬೇಕು. ಮೊದಲೇ ಹಾಕಿ ಅಳತೆ ಇಳಿಸಿದರೆ ಕಾಳು ಕರಗಿಹೋಗುತ್ತದೆ. ನಾಲ್ಕೂ ಮೂಲೆಗಳನ್ನು ಕಪ್ಪು ಮಾಡುವ ವಿನ್ಯೆಟ್ ನನಗಂತೂ ಸೇರುವುದಿಲ್ಲ.

ಬಾಗಲಕೋಟೆಯಿಂದ

ಮೇಲಿನ ಸರ್ ಹೇಳಿದ್ದು ಬಣ್ಣದ ಚಿತ್ರಗಳಿಗೆ ಸರಿ. ನಾನು ಕಪ್ಪು-ಬಿಳುಪಿನ ಒಂದು ಮಾತು ಸೇರಿಸುತ್ತೇನೆ. 1850ರ ದಶಕದಲ್ಲಿ ಬ್ರಿಟಿಷ್ ಛಾಯಾಗ್ರಾಹಕ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರ ತೆಗೆದ ಕಾಲಕ್ಕೆ ನೆಗೆಟಿವ್ ಮುಖ್ಯವಾಗಿ ನೀಲಿ ಬೆಳಕನ್ನಷ್ಟೇ ಗ್ರಹಿಸುತ್ತಿದ್ದುದರಿಂದ ಆಕಾಶ ಮೋಡವಿಲ್ಲದೆ ಬರೀ ಬಿಳಿಯಾಗುತ್ತಿತ್ತು, ಕೆಂಪು ಕಪ್ಪಾಗುತ್ತಿತ್ತು. ಕಪ್ಪು-ಬಿಳುಪಿಗೆ ತಿರುಗಿಸುವಾಗ ನೀಲಿಯ ಪಾಲು ಏರಿಸಿ ಕೆಂಪಿನ ಪಾಲು ಇಳಿಸಿದರೆ ಆ ಗುಣ ಬರುತ್ತದೆ. ಸಂತೆಯಲ್ಲಿ ತೆಗೆದ ಚಿತ್ರವೊಂದಕ್ಕೆ ಹೀಗೆ ಮಾಡಿದಾಗ ಇಳಕಲ್ ಸೀರೆಯ ಕೆಂಪು ಸೆರಗು ಇದ್ದಿಲಿನಂತೆ ಕಪ್ಪಾಗಿ ಬಹಳ ಸೊಗಸಾಯಿತು, ಆದರೆ ಉಟ್ಟ ಅಜ್ಜಿಯ ಮುಖವೂ ಅದರ ಜೊತೆಗೇ ಕಪ್ಪಿಟ್ಟಿತು. ತಂತ್ರಾಂಶದ ಮಾಸ್ಕ್ ಸಾಧನದಿಂದ ಮುಖದ ಭಾಗವನ್ನಷ್ಟೇ ಆಯ್ದು ಅದರ ಬೆಳಕನ್ನು ಬೇರೆಯಾಗಿಯೇ ಎತ್ತಬೇಕಾಯಿತು. ಇನ್ನೊಂದು ವಿಷಯವೆಂದರೆ, ಅಂದಿನ ಎಕ್ಸ್‌ಪೋಶರ್ (ನೆಗೆಟಿವ್ ಮೇಲೆ ಬೆಳಕು ಬೀಳಿಸುವ ಸಮಯ) ಬಹಳ ದೀರ್ಘವಾಗಿದ್ದುದರಿಂದ ನಡೆದಾಡುವವರು ಮಸುಕಾಗುತ್ತಿದ್ದರು. ಜನ ಓಡಾಡುವ ನಿಮ್ಮ ಗಾಂಧಿ ಚೌಕಕ್ಕೆ ಅಷ್ಟು ಹಳೆಯ ಛಾಯೆ ಒಪ್ಪಲಿಕ್ಕಿಲ್ಲ. ಖಾಲಿ ಬಾರಾ ಕಮಾನಿಗೆ ಒಪ್ಪೀತು.

ವಿಜಯಪುರದಿಂದಲೇ ಇನ್ನೊಬ್ಬರು

ಬಣ್ಣಕ್ಕಿಂತ ಮೊದಲು ಚಿತ್ರದೊಳಗಿನ ವಸ್ತುಗಳನ್ನು ನೋಡಿರಿ. ಹಣ್ಣಿನ ಗಾಡಿಯ ಒಂದು ಚಿತ್ರವನ್ನು ಮೂರು ರಾತ್ರಿ ಕೂತು ತಿದ್ದಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದಾಗ, ನಮ್ಮ ಕಾಕಾ ‘ಇದು ಯಾವ ಇಸವಿಯದು?’ ಎಂದು ಕೇಳಿದರು; ನಾನು ಉತ್ತರ ಬರೆಯುವುದರೊಳಗೆ ಅವರ ಮೊಮ್ಮಗಳು ತಕ್ಕಡಿಯ ಪಕ್ಕದ ಕ್ಯೂಆರ್ ಕೋಡಿಗೆ ಕೆಂಪು ವೃತ್ತ ಹಾಕಿ ತಿರುಗಿ ಕಳಿಸಿದ್ದಳು. ಊರಿನ ಹೆಸರು ಬಿಜಾಪುರದಿಂದ ವಿಜಯಪುರಕ್ಕೆ ಬದಲಾದದ್ದು 2014ರ ನವೆಂಬರ್ 1ರಂದು. ಆದ್ದರಿಂದ ‘ವಿಜಯಪುರ’ ಎಂಬ ಅಂಗಡಿಯ ಬೋರ್ಡು 1970ರ ಛಾಯೆಯಲ್ಲಿ ನಿಲ್ಲುವುದಿಲ್ಲ, 1970ರ ನಂತರ ಬಂದ ಕೆಎ-28 ನಂಬರಿನ ಬೈಕೂ ನಿಲ್ಲುವುದಿಲ್ಲ. ಅವುಗಳನ್ನು ಅಳಿಸುವ ಬದಲು ನಾನು ಈಗ ತೆಗೆಯುವಾಗಲೇ ಎರಡು ಹೆಜ್ಜೆ ಸರಿದು ನಿಲ್ಲುತ್ತೇನೆ, ತಿದ್ದಿದ ಚಿತ್ರದ ಕೆಳಗೆ ತೆಗೆದ ದಿನಾಂಕವನ್ನೂ ಬರೆಯುತ್ತೇನೆ. ಆ ಗಾಡಿಯ ಚಿತ್ರದಲ್ಲಿ ಮಾತ್ರ ಕ್ಯೂಆರ್ ಕೋಡು ಹಾಗೆಯೇ ಇದೆ; ಕಾಕಾ ಅದನ್ನೇ ಪ್ರಿಂಟ್ ಹಾಕಿಸಿಕೊಂಡಿದ್ದಾರೆ.