[ಪರಿಹಾರ ಸಿಕ್ಕಿತು] ಸರಪಳಿ ಯಂತ್ರ: 14ನೇ ಹಂತದಲ್ಲೇ ಗೋಲಿ ಕೈಕೊಡುತ್ತಿದೆ

ಬಳಪ_ಡಸ್ಟರ್:
ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನ ವಿಜ್ಞಾನ ಟೀಚರ್. ನಮ್ಮ ಐದು ಮಕ್ಕಳು ಸರಪಳಿ ಯಂತ್ರಗಳ ಅಂತರರಾಷ್ಟ್ರೀಯ ಶಾಲಾ ಸ್ಪರ್ಧೆಗೆ ತಯಾರಾಗುತ್ತಿದ್ದಾರೆ. ಒಂದು ಬಿದ್ದು ಇನ್ನೊಂದನ್ನು ತಳ್ಳಬೇಕು, ಅದು ಮೂರನೆಯದನ್ನು ಎಬ್ಬಿಸಬೇಕು, ಕೊನೆಗೆ ಗಂಟೆ ಬಾರಿಸಬೇಕು. ಒಟ್ಟು 22 ಹಂತ. ಕತ್ತರಿ ಹಾಕದ ಒಂದೇ ವಿಡಿಯೊ ಕಳಿಸಬೇಕು. ನಡುವೆ ಕೈ ತಾಗಿದರೆ ಅಂಕ ಹೋಗುತ್ತದೆ.

14ನೇ ಹಂತ ಹೀಗಿದೆ. ಗಾಜಿನ ಗೋಲಿ ಇಳಿಜಾರಿನಲ್ಲಿ ಉರುಳಿ ಬಂದು, ನಡುವೆ ಸೂಜಿ ಚುಚ್ಚಿ ನಿಲ್ಲಿಸಿದ 30 ಸೆಂ.ಮೀ. ಸ್ಕೇಲಿನ ಕೆಳತುದಿಗೆ ಬಡಿಯುತ್ತದೆ. ಮೇಲ್ತುದಿಗೆ ಕಟ್ಟಿದ ದಾರ ಒಂದು ಪೆನ್ನಿನ ರೀಫಿಲ್ಲನ್ನು ರಟ್ಟಿನ ತೂತಿನಿಂದ ಎಳೆಯುತ್ತದೆ. ಆ ರೀಫಿಲ್ಲೇ ಆಟಿಕೆ ಕಾರನ್ನು ತಡೆದು ನಿಲ್ಲಿಸಿರೋದು. ಹೋದ ವಾರ ಚೆನ್ನಾಗಿ ನಡೆಯುತ್ತಿತ್ತು. ಈಗ ಹತ್ತರಲ್ಲಿ ನಾಲ್ಕು ಸಲ ರೀಫಿಲ್ ಅರ್ಧಕ್ಕೇ ನಿಂತುಬಿಡುತ್ತದೆ. ಮಕ್ಕಳ ಮುಖ ನೋಡೋಕಾಗಲ್ಲ. ಏನು ಮಾಡಲಿ?

ಉರುಳುಕಲ್ಲು:
ಸಿಂಪಲ್ ಮೇಡಂ. ಗಾಜಿನ ಗೋಲಿ ಬಿಟ್ಟು ಅದೇ ಅಳತೆಯ ಉಕ್ಕಿನ ಗುಂಡು ಹಾಕಿ. ತೂಕ ಮೂರು ಪಟ್ಟು ಆಗುತ್ತದೆ. ಇಳಿಜಾರನ್ನೂ ಸ್ವಲ್ಪ ಎತ್ತರಿಸಿ.

ಬಳಪ_ಡಸ್ಟರ್:
ಮಾಡಿ ನೋಡಿದೆವು. ಮೊದಲ ಮೂರು ಸಲ ಸೂಪರ್. ನಾಲ್ಕನೇ ಸಲ ಗುಂಡು ಸ್ಕೇಲಿಗೆ ಬಡಿದು ಪುಟಿದು ವಾಪಸ್ ಬಂತು. ಐದನೇ ಸಲ ಸೂಜಿಯೇ ಕಿತ್ತು ಸ್ಕೇಲ್ ನೆಲಕ್ಕೆ. ಬೀಳುವಾಗ 9ನೇ ಹಂತದ ಡೊಮಿನೊ ಸಾಲನ್ನೂ ಕೆಡವಿತು. ಅದನ್ನು ಮತ್ತೆ ಜೋಡಿಸೋಕೆ ಇಪ್ಪತ್ತು ನಿಮಿಷ ಹಿಡಿಯಿತು.

ತಿರುಪುಮೊಳೆ:
ಮೇಡಂ, ಗುಂಡಿನ ಗೊಡವೆ ಸದ್ಯಕ್ಕೆ ಬಿಡಿ. ಎರಡು ಪ್ರಶ್ನೆ. ಹೋದ ವಾರ ನಡೆಯುತ್ತಿತ್ತು ಅಂದ್ರಿ. ಆಮೇಲೆ ಏನಾದರೂ ಬದಲಾಯಿಸಿದ್ರಾ? 14ರಲ್ಲೇ ಅಲ್ಲ, ಅಕ್ಕಪಕ್ಕದ ಹಂತದಲ್ಲಾದರೂ?

ಎರಡನೆಯದು, ರೀಫಿಲ್ ಎಳೆಯೋಕೆ ಎಷ್ಟು ಬಲ ಬೇಕು ಅಂತ ಅಳೆದಿದ್ದೀರಾ? ದಾರವನ್ನು ಮೇಜಿನ ಅಂಚಿನ ಮೇಲೆ ಇಳಿಬಿಟ್ಟು ತುದಿಗೆ ಪೇಪರ್ ಕಪ್ ಕಟ್ಟಿ. ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು ನೀರು ಹಾಕುತ್ತಾ ಹೋಗಿ. 1 ಮಿ.ಲೀ. ನೀರು ಅಂದರೆ 1 ಗ್ರಾಂ. ರೀಫಿಲ್ ಯಾವಾಗ ಜಾರುತ್ತದೋ ಬರೆದಿಟ್ಟುಕೊಳ್ಳಿ. ಅಂಚಿನಲ್ಲಿ ದಾರ ಉಜ್ಜುವುದರಿಂದ ಲೆಕ್ಕ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಪರವಾಗಿಲ್ಲ.

ಬಳಪ_ಡಸ್ಟರ್:
ಸಾರ್, ಅಳೆದೆವು. 95 ಮಿ.ಲೀ. ಹಾಕಿದ ಮೇಲೆ ಜಾರಿತು. ಇನ್ನೊಂದು ಸಲ 110.

ಬದಲಾವಣೆ ಏನೂ ಇಲ್ಲ ಅಂತ ಬರೆಯೋಕೆ ಹೊರಟಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಮೆಲ್ಲಗೆ ಬಾಯಿಬಿಟ್ಟ. 15ನೇ ಹಂತದಲ್ಲಿ ಕಾರು ಹೋಗಿ ಪುಸ್ತಕಗಳ ಸಾಲನ್ನು ಬೀಳಿಸಬೇಕು. ಮೊದಲ ಪುಸ್ತಕ ಬೀಳುತ್ತಿರಲಿಲ್ಲ ಅಂತ ಕಾರಿನೊಳಗೆ ಆರು ಕಬ್ಬಿಣದ ನಟ್ಟು ತುಂಬಿದ್ದಾನಂತೆ. ನನಗೆ ಗೊತ್ತೇ ಇರಲಿಲ್ಲ. ನಟ್ಟು ತೆಗೆದು ಅಳೆದರೆ ಬರೀ 30 ಮಿ.ಲೀ.! ಆದರೆ ತೆಗೆದರೆ ಪುಸ್ತಕ ಬೀಳಲ್ಲ.

ತಿರುಪುಮೊಳೆ:
ಕಳ್ಳ ಸಿಕ್ಕಿದ. ಹುಡುಗನನ್ನು ಬೈಯಬೇಡಿ, 15ರ ಮಟ್ಟಿಗೆ ಅವನು ಮಾಡಿದ್ದು ಸರಿಯೇ. ಕಾರು ಭಾರವಾದಷ್ಟೂ ಅದು ರೀಫಿಲ್ಲನ್ನು ರಟ್ಟಿಗೆ ಒತ್ತುತ್ತದೆ. ಒತ್ತಿದಷ್ಟೂ ತಿಕ್ಕಾಟ ಜಾಸ್ತಿ. ಸಾಲದ್ದಕ್ಕೆ ಹತ್ತಾರು ಸಲ ಎಳೆದು ತೂತಿನ ಅಂಚು ಹಿಂಜಿಹೋಗಿರುತ್ತದೆ, ಬೆಳಕಿಗೆ ಹಿಡಿದು ನೋಡಿ.

ಈಗ ಗೋಲಿಯ ಕಡೆ ಬನ್ನಿ. 16 ಮಿ.ಮೀ. ಗಾಜಿನ ಗೋಲಿಯ ತೂಕ ಸುಮಾರು 5 ಗ್ರಾಂ. ಅದು 95 ಗ್ರಾಂ ಎಳೆತದ ಕೆಲಸ ಮಾಡಬೇಕು ಅಂತ ನೀವು ಕೇಳ್ತಿದ್ದೀರಿ. ಬಡಿತದ ಜೋರಿಗೆ ಒಮ್ಮೊಮ್ಮೆ ಆಗುತ್ತದೆ, ಒಮ್ಮೊಮ್ಮೆ ಆಗಲ್ಲ. ಸ್ಕೇಲಿನ ಎಲ್ಲಿಗೆ ತಗುಲಿತು, ದಾರ ಎಷ್ಟು ಸಡಿಲವಿತ್ತು, ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಗೋಲಿ ಕೆಲಸ ಮಾಡಬಾರದು ಮೇಡಂ, ಚಿಲಕ ತೆಗೆಯಬೇಕು ಅಷ್ಟೇ. ಕೆಲಸ ಮಾಡುವ ಶಕ್ತಿ ಆಗಲೇ ಎತ್ತರದಲ್ಲಿ ನಿಂತ ಕಾರಿನಲ್ಲಿದೆ. ಇಲಿಬೋನು ನೋಡಿ. ಸ್ಪ್ರಿಂಗಿನ ಜೋರು ಬೆರಳು ಮುರಿಯುವಷ್ಟು, ಇಲಿ ಮಾಡೋದು ಚೂರು ಮೂಸೋದು.

ಹಾಗಾಗಿ ಕಾರಿಗೂ ರೀಫಿಲ್ಲಿಗೂ ನಡುವೆ ಒಂದು ಐಸ್‌ಕ್ರೀಂ ಕಡ್ಡಿ ತನ್ನಿ. ಇಳಿಜಾರಿನ ನಟ್ಟನಡುವೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ಅಡ್ಡ ಸೂಜಿ ಚುಚ್ಚಿ ಕೀಲು ಮಾಡಿ. ಕಾರಿನ ಬಂಪರ್ ಕೀಲಿನಿಂದ ಒಂದೂವರೆ ಸೆಂ.ಮೀ. ಮೇಲೆ ಮಾತ್ರ ತಾಗಲಿ, ಬೇರೆಲ್ಲೂ ತಾಗಬಾರದು. ರೀಫಿಲ್ ಕಡ್ಡಿಯ ಮೇಲ್ತುದಿಯನ್ನು, ಅಂದರೆ ಹತ್ತೂವರೆ ಸೆಂ.ಮೀ. ಎತ್ತರದಲ್ಲಿ ತಡೆಯಲಿ. ಸನ್ನೆಯ ಲೆಕ್ಕದಲ್ಲಿ ರೀಫಿಲ್ ಮೇಲಿನ ಒತ್ತಡ ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ರೀಫಿಲ್ ಕಿತ್ತ ಕೂಡಲೇ ಕಡ್ಡಿ ಮುಂದಕ್ಕೆ ಮಲಗುತ್ತದೆ, ಕಾರು ಅದರ ಮೇಲೇ ದಾಟುತ್ತದೆ. ನಡುವೆ ನಿಲ್ಲಿಸಿ ಅಂದಿದ್ದು ಅದಕ್ಕೇ, ಮಲಗಿದ ಕಡ್ಡಿ ಎರಡು ಚಕ್ರಗಳ ಮಧ್ಯೆ ಬರಬೇಕು. ತೂತಿಗೆ ಒಂದು ತುಂಡು ಸ್ಟ್ರಾ ತೂರಿಸಿ ಅಂಟಿಸಿಬಿಡಿ. ಗೋಲಿ ಗಾಜಿನದೇ ಇರಲಿ.

ಡೊಮಿನೊ_ಹುಡುಗ:
ತಿರುಪುಮೊಳೆ ಅಣ್ಣಾ, ನಾನೂ ಎಂಟನೇ ಕ್ಲಾಸು, ನಮ್ಮದೂ ಒಂದು ಟೀಮ್ ಇದೆ. ಹಂತ ಜಾಸ್ತಿ ಮಾಡಿದರೆ ಒಳ್ಳೇದಲ್ವಾ? 2012ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಬಲೂನ್ ಊದಿ ಒಡೆಯೋಕೆ 300 ಹಂತ ಮಾಡಿದ್ರಂತೆ.

ತಿರುಪುಮೊಳೆ:
ಮಾಡಿದ್ದಾರಪ್ಪ, ಆದರೆ ಅವರು ಇಂಜಿನಿಯರಿಂಗ್ ಓದುವವರ ದೊಡ್ಡ ದಂಡು. ಇಂಥ ಯಂತ್ರಗಳ ಚಿತ್ರ ಬರೆದು ಹೆಸರಾದ ರೂಬ್ ಗೋಲ್ಡ್‌ಬರ್ಗ್ ಕೂಡ ಓದಿದ್ದು ಇಂಜಿನಿಯರಿಂಗೇ. ಅವರ ಹೆಸರಿನ ಸ್ಪರ್ಧೆ ಶುರುವಾಗಿದ್ದೂ 1949ರಲ್ಲಿ ಅದೇ ಪರ್ಡ್ಯೂನಲ್ಲಿ, ಎರಡು ವಿದ್ಯಾರ್ಥಿ ಗುಂಪುಗಳ ಪೈಪೋಟಿಯಾಗಿ.

ನೀನು ಈ ಲೆಕ್ಕ ಹಾಕು. ಒಂದೊಂದು ಹಂತವೂ ನೂರಕ್ಕೆ 95 ಸಲ ಸರಿ ನಡೆಯುತ್ತದೆ ಅಂದ್ಕೋ. ಕೇಳೋಕೆ ಚೆನ್ನಾಗಿದೆ. ಆದರೆ 22 ಹಂತ ಸಾಲಾಗಿ ನಡೆಯೋದು ನೂರಕ್ಕೆ 32 ಸಲ ಮಾತ್ರ. ಹಂತಕ್ಕೆ 99 ಆದರೆ ಪೂರ್ತಿ ಓಟ 80ಕ್ಕೆ ಏರುತ್ತದೆ. ಹಂತ ಸೇರಿಸೋ ಮುಂಚೆ ಇರೋದನ್ನು ಗಟ್ಟಿ ಮಾಡು. ಒಂದೊಂದನ್ನೂ ಬಿಡಿಯಾಗಿ ಇಪ್ಪತ್ತು ಸಲ ಓಡಿಸು, ಗೋಡೆಗೆ ಹಾಳೆ ಅಂಟಿಸಿ ಗೆರೆ ಎಳೀತಾ ಹೋಗು. ಪ್ರತಿಸಲ 1ರಿಂದ ಶುರು ಮಾಡಿ 14ಕ್ಕೆ ಬಂದು ಸೋಲೋದು ಸುಮ್ನೆ ದಂಡ.

ಬಳಪ_ಡಸ್ಟರ್:
ಸಾರ್, ಕಡ್ಡಿ ಹಾಕಿದೆವು! ನಟ್ಟು ಆರೂ ಒಳಗೇ ಇವೆ. ಕಪ್ಪಿಗೆ 15 ಮಿ.ಲೀ. ಬೀಳುವಷ್ಟರಲ್ಲಿ ರೀಫಿಲ್ ಜಾರಿತು. ಗೋಲಿ ಬಿಟ್ಟು ನೋಡಿದರೆ ಇಪ್ಪತ್ತಕ್ಕೆ ಇಪ್ಪತ್ತು.

ಆದರೆ ಹೊಸ ತಲೆನೋವು. ಪೂರ್ತಿ ಓಡಿಸಿದಾಗ 12ನೇ ಹಂತದಲ್ಲಿ ಡಿಕ್ಷನರಿ ಬೀಳುತ್ತದಲ್ಲ, ಆ ಅದುರಿಗೇ ರೀಫಿಲ್ ಬಿಟ್ಟುಕೊಳ್ಳುತ್ತದೆ. ಗೋಲಿ ಇನ್ನೂ ದಾರಿಯಲ್ಲಿರುವಾಗಲೇ ಕಾರು ಹೊರಟುಹೋಗುತ್ತದೆ.

ಉರುಳುಕಲ್ಲು:
ಹಹ್ಹಾ, ಈಗ ಚಿಲಕ ತೀರಾ ನಾಜೂಕಾಯ್ತು. ಡಿಕ್ಷನರಿ ಬೀಳೋ ಜಾಗಕ್ಕೆ ದಪ್ಪ ಸ್ಪಂಜು ಹಾಕಿ. ಉಕ್ಕಿನ ಗುಂಡಿನ ಸಲಹೆ ಕೊಟ್ಟಿದ್ದಕ್ಕೆ ಇದು ನನ್ನ ಪ್ರಾಯಶ್ಚಿತ್ತ.

ತಿರುಪುಮೊಳೆ:
ಸ್ಪಂಜು ಸರಿ. ಜೊತೆಗೆ ರೀಫಿಲ್ಲನ್ನು ಇನ್ನೂ ಮೂರು ಮಿ.ಮೀ. ಒಳಗೆ ತಳ್ಳಿ. ಸಾಧ್ಯವಾದರೆ 12 ಮತ್ತು 14 ಬೇರೆ ಬೇರೆ ಮೇಜಿನ ಮೇಲಿರಲಿ.

ಬಳಪ_ಡಸ್ಟರ್:
ಎರಡು ಮೇಜು, ಸ್ಪಂಜು, ಮೂರು ಮಿ.ಮೀ. ಎಲ್ಲಾ ಆಯ್ತು. ನಿನ್ನೆ ಸಂಜೆ ಏಳನೇ ಸಲಕ್ಕೆ ಗಂಟೆ ಬಾರಿಸಿತು, ವಿಡಿಯೊ ಕಳಿಸಿದ್ದೂ ಆಯ್ತು. ಆರನೇ ಸಲವೇ ಆಗಬೇಕಿತ್ತು. 21ನೇ ಹಂತ ದಾಟಿದ್ದೇ ತಡ, ಕ್ಯಾಮೆರಾ ಹಿಡಿದ ಹುಡುಗಿ ಖುಷಿಗೆ ಕುಣಿದಳು, ಮೇಜು ಅಲ್ಲಾಡಿತು, ಗಂಟೆಗೆ ಬಡಿಯಬೇಕಿದ್ದ ಚಮಚ ಆ ಕಡೆ ಬಿತ್ತು. ಏಳನೇ ಸಲ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಕಾಲು ಮಡಚಿಸಿ ಚಿತ್ರ ತೆಗೆಸಿದೆವು.